ಉಲ್ವೆಯೋ ಡೊಂಬಿವಲಿಯೋ, ವಿರಾರೋ ಪುಣೆಯೋ, ಗೋವೆಯೋ: ಮುಂಬಯಿ ಬಿಡುವ ಮುನ್ನ ನೋಡಬೇಕಾದ್ದು

ಪರೇಲಿನ ಚಾಳಿನ ಖೋಲಿ ಮಾರಿ ಕೈಗೆ ದುಡ್ಡು ಬಂದಿದೆ, ಮನೆ ಎಲ್ಲಿ ತಗೊಳ್ಳಲಿ? ಫೋರ್ಟಿನ ಹೋಟೆಲಿನ ಕಂಡಕ್ಟಿಂಗ್ ಕರಾರು (ಬೇರೆಯವರ ಹೋಟೆಲನ್ನು ಬಾಡಿಗೆ ಕೊಟ್ಟು ನಡೆಸುವುದು) ಮುಗಿಯಿತು, ಹೊಸದನ್ನು ಎಲ್ಲಿ ಹಾಕಲಿ? ಮಗನಿಗೆ ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸ, ಸೊಸೆಗೆ ಬಾಂದ್ರಾ-ಕುರ್ಲಾದ ಬಿಕೆಸಿಯಲ್ಲಿ, ಇಬ್ಬರಿಗೂ ಆಗುವ ಜಾಗ ಯಾವುದು? ಈಚೆಗೆ ನನ್ನನ್ನು ಕೇಳುವವರೆಲ್ಲರದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಅವರ ಬಾಯಲ್ಲಿ ಬರುವ ಹೆಸರುಗಳೂ ಅವೇ ಐದು: ಉಲ್ವೆ-ಪನ್ವೆಲ್, ಡೊಂಬಿವಲಿ-ಕಲ್ಯಾಣ್, ವಸಯಿ-ವಿರಾರ್, ಪುಣೆ, ಗೋವಾ.

ನಾನು ಮೂವತ್ತು ವರ್ಷದಿಂದ ನಮ್ಮ ಕನ್ನಡದವರ ಸಣ್ಣ ಹೋಟೆಲುಗಳ ಲೆಕ್ಕ ಬರೆಯುತ್ತಿದ್ದೇನೆ. ಹಾಲು ಎಷ್ಟು ಲೀಟರ್ ಬಂತು, ಗ್ಯಾಸ್ ಎಷ್ಟು ಸಿಲಿಂಡರ್ ಹೋಯಿತು, ಯಾವ ವಾರ ಗಲ್ಲ (ದಿನದ ವ್ಯಾಪಾರದ ದುಡ್ಡು) ಎಷ್ಟಾಯಿತು ಎಂದು ನೋಡಿ ನೋಡಿ ಒಂದು ಪ್ರದೇಶದ ನಾಡಿ ಸಿಗುತ್ತದೆ. ಬಿಲ್ಡರ್ ಕೊಡುವ ನಕ್ಷೆಗಿಂತ ಆ ಲೆಕ್ಕದ ಮೇಲೆ ನನಗೆ ನಂಬಿಕೆ ಹೆಚ್ಚು. ಹಾಗಾಗಿ ಯಾವ ಜಾಗ ಒಳ್ಳೆಯದು ಎನ್ನುವ ಮೊದಲು ಯಾವುದರಿಂದ ಅಳೆಯಬೇಕು ಎಂಬುದನ್ನು ಹೇಳಿಬಿಡುತ್ತೇನೆ.

ಮೊದಲ ಅಳತೆ: ಅಲ್ಲಿಗೆ ಜನ ದುಡಿಯಲು ಬರುತ್ತಾರೋ, ಮಲಗಲು ಬರುತ್ತಾರೋ? ಮಲಗುವ ಊರಿನ ಹೋಟೆಲಿನಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನೂಕುನುಗ್ಗಲು. ಆಮೇಲೆ ಸಂಜೆ ಏಳರ ತನಕ ಮಾಣಿಗಳು ಒರೆಸಿದ ಟೇಬಲನ್ನೇ ಒರೆಸುತ್ತ ನಿಂತಿರುತ್ತಾರೆ. ಭಾನುವಾರದ ಗಲ್ಲದ ಮುಂದೆ ಸೋಮವಾರದ್ದು ಲೆಕ್ಕಕ್ಕೇ ಇಲ್ಲ. ದುಡಿಯುವ ಊರಿನಲ್ಲಿ ಹಾಗಲ್ಲ. ಸೋಮವಾರ ಹನ್ನೊಂದಕ್ಕೆ ಚಾ, ಒಂದಕ್ಕೆ ರೈಸ್ ಪ್ಲೇಟ್, ನಾಲ್ಕಕ್ಕೆ ಮತ್ತೆ ಚಾ. ಭಾನುವಾರ ಬಾಗಿಲು ಹಾಕಿದರೂ ತಿಂಗಳು ಸರಿದೂಗುತ್ತದೆ. ಮನೆ ಕೊಳ್ಳುವವರಿಗೂ ಇದೇ ಅಳತೆ ಬೇಕು. ಹಗಲು ದುಡಿಮೆ ಇರುವ ಕಡೆ ಬಾಡಿಗೆಗೆ ಜನ ಸಿಗುತ್ತಾರೆ, ನಾಳೆ ಕೆಲಸ ಬದಲಾಯಿಸಿದರೂ ಮನೆ ಬದಲಾಯಿಸಬೇಕಾಗಿಲ್ಲ.

ಎರಡನೆಯದು: ಆ ದುಡಿಮೆ ಎಷ್ಟು ಕಾಲಿನ ಮೇಲೆ ನಿಂತಿದೆ? ಇದನ್ನು ನನಗೆ ಕಲಿಸಿದ್ದು ನಮ್ಮ ಅಪ್ಪನ ಉದ್ರಿ ಖಾತೆ. ಮುಂಬಯಿಯ ಲಾಲ್‌ಬಾಗಿನಲ್ಲಿ ಒಂದು ಬಟ್ಟೆ ಗಿರಣಿಯ ಗೇಟಿನೆದುರು ಅವರದ್ದು ಎಂಟು ಟೇಬಲಿನ ಹೋಟೆಲು. ಮೂರು ಪಾಳಿಗೂ ಭೋಂಗಾ ಕೂಗಿದ ಮೇಲೆ ಐದು ನಿಮಿಷದಲ್ಲಿ ಬೆಂಚು ತುಂಬುತ್ತಿತ್ತು. ಒಲೆ ರಾತ್ರಿ ಕೂಡ ಆರುತ್ತಿರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದರು. ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ ಎಂದು ಅಪ್ಪ ಉದ್ರಿ ಕೊಟ್ಟರು. ಕೆಂಪು ರಟ್ಟಿನ ಉದ್ದ ಪುಸ್ತಕ, ಹೆಸರಿನ ಪಕ್ಕದಲ್ಲಿ ಸಾಂಚಾ ಖಾತೆ, ರಂಗ ಖಾತೆ ಎಂದು ಅವರವರ ವಿಭಾಗ, ಅದರ ಕೆಳಗೆ ಚಾ ಮತ್ತು ಉಸಳ್-ಪಾವಿನ ಲೆಕ್ಕ. ಮುಷ್ಕರ ಮುಗಿಯಿತು ಎಂದು ಯಾರೂ ಸಾರಲೇ ಇಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಪುಸ್ತಕದ ಕೊನೆಯ ನಲವತ್ತು ಪುಟಗಳಲ್ಲಿ ಜಮೆ ಎಂಬ ಕಾಲಮ್ಮಿನಲ್ಲಿ ಒಂದೇ ಒಂದು ಅಂಕಿ ಇಲ್ಲ. ಅದು ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಎರಡು ವರ್ಷದ ಮೇಲೆ ಅಪ್ಪ ಹೋಟೆಲು ಬಿಟ್ಟು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಕ್ಯಾಂಟೀನ್ ಹಿಡಿದರು. ಆ ರಸ್ತೆಯ ಕಥೆ ಮುಂದೆ ಬರುತ್ತದೆ.

ಮೂರನೆಯದು: ಏನು ಈಗ ಓಡುತ್ತಿದೆ, ಏನು ಇನ್ನೂ ನಕ್ಷೆಯಲ್ಲಿದೆ? ನವಿ ಮುಂಬಯಿ ಕಟ್ಟಲು ಸಿಡ್ಕೊ ಎಂಬ ಸರಕಾರಿ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಮಾನ್‌ಖುರ್ದಿನಿಂದ ಖಾಡಿ (ಸಮುದ್ರದ ಚಾಚು) ದಾಟಿ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷ ಅಲ್ಲಿ ಮನೆ ಮಾಡಿದವರು ಬಸ್ಸಿಗೆ ಕಾದು ಕಾದು ಸವೆದರು. ಅಲ್ಲಿನ ವಿಮಾನ ನಿಲ್ದಾಣಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2007ರಲ್ಲಿ, ಮೊದಲ ಪ್ರಯಾಣಿಕರ ವಿಮಾನ ಏರಿದ್ದು 2025ರ ಡಿಸೆಂಬರ್ 25ರಂದು. ಬಂದೇ ಬಂತು, ನಿಜ. ಆದರೆ ಆ ಹದಿನೆಂಟು ವರ್ಷದಲ್ಲಿ ಒಂದು ಮಗು ಹುಟ್ಟಿ ಕಾಲೇಜು ಸೇರಿರುತ್ತದೆ. ನನ್ನ ಸಲಹೆ ಬಹಳ ಕಟ್ಟುನಿಟ್ಟು: ಇವತ್ತು ಓಡುವುದಕ್ಕೆ ಮಾತ್ರ ದುಡ್ಡು ಕೊಡಿ. ಕಟ್ಟುತ್ತಿರುವುದಕ್ಕೆ ಸ್ವಲ್ಪ ಬೆಲೆ ಕೊಡಬಹುದು, ಘೋಷಿಸಿದ್ದಕ್ಕೆ ಒಂದು ಪೈಸೆಯೂ ಬೇಡ.

ಉಳಿದ ಅಳತೆಗಳು ನಿಮಗೆ ಗೊತ್ತಿರುವವೇ. ಕಾಗದಪತ್ರ, ನೀರು, ಮಳೆಗಾಲದಲ್ಲಿ ಮನೆಯಿಂದ ಕೆಲಸದ ಜಾಗಕ್ಕೆ ಬೇಕಾಗುವ ಹೊತ್ತು, ಮತ್ತೆ ನಮ್ಮಂಥವರಿಗೆ ಊರಿನ ದಾರಿ. ವರ್ಷಕ್ಕೆ ಮೂರು ಸಲ ಊರಿಗೆ ಓಡುವವನಿಗೆ ರಾತ್ರಿ ರೈಲು ಎಲ್ಲಿ ನಿಲ್ಲುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಖಾಡಿಯಾಚೆ: ಐರೋಲಿಯಿಂದ ಉಲ್ವೆವರೆಗೆ

ಎಲ್ಲರೂ ಈಗ ಬೆರಳು ತೋರಿಸುವುದು ಉಲ್ವೆ ಕಡೆಗೆ. ಅಟಲ್ ಸೇತು 2024ರ ಜನವರಿ 12ರಂದು ತೆರೆಯಿತು. ಮುಂಬಯಿಯ ಶಿವಡಿಯಿಂದ ಉಲ್ವೆ ಕಡೆಯ ಚಿರ್ಲೆಗೆ 21.8 ಕಿಲೋಮೀಟರ್, ಇಪ್ಪತ್ತು ಚಿಲ್ಲರೆ ನಿಮಿಷ. ಅದೇ ದಿನ ಖಾರ್‌ಕೋಪರಿನಿಂದ ಉರಣ್ ತನಕ ಲೋಕಲ್ ರೈಲೂ ಶುರುವಾಯಿತು. ಬಂದರು ಪಕ್ಕದಲ್ಲೇ ಇದೆ. ನ್ಹಾವಾ ಶೇವಾ 1989ರಿಂದ ನಡೆಯುತ್ತಿದೆ. ಈಗ ವಿಮಾನ ನಿಲ್ದಾಣ. ಮೊದಲ ಹಂತಕ್ಕೆ ವರ್ಷಕ್ಕೆ ಎರಡು ಕೋಟಿ ಪ್ರಯಾಣಿಕರು, ಪೂರ್ತಿ ಆದಾಗ ಒಂಬತ್ತು ಕೋಟಿ ಎಂಬ ಲೆಕ್ಕ.

ಇಷ್ಟೆಲ್ಲ ಕೇಳಿದ ಮೇಲೆ ಸೋಮವಾರದ ಪರೀಕ್ಷೆ ಮಾಡೋಣ ಎಂದು ವಿಮಾನ ಹಾರಲು ತೊಡಗಿದ ಎರಡು ತಿಂಗಳ ಮೇಲೆ ಉಲ್ವೆಯ ಒಂದು ಚೌಕದಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರ ತನಕ ಕೂತೆ. ಪರಿಚಯದ ಹುಡುಗ ಅಲ್ಲಿ ಹೋಟೆಲು ಹಾಕಿದ್ದಾನೆ. "ಅಣ್ಣಾ, ಬೆಳಿಗ್ಗೆ ಇಡ್ಲಿ ಸಾಲುವುದಿಲ್ಲ, ಮಧ್ಯಾಹ್ನ ಅನ್ನ ಉಳಿಯುತ್ತದೆ" ಎಂದ. ನಾನು ಕೂತಷ್ಟು ಹೊತ್ತಿನಲ್ಲಿ ಊಟಕ್ಕೆ ಬಂದವರು ಹನ್ನೊಂದು ಮಂದಿ. ಅವರಲ್ಲಿ ಆರು ಜನ ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕುವವರು. ಅಂದರೆ ಉಲ್ವೆ ಇವತ್ತಿಗೆ ಮಲಗುವ ಊರು. ವಿಮಾನ ನಿಲ್ದಾಣದ ಸಿಬ್ಬಂದಿ, ಸರಕು ಸಾಗಿಸುವ ಕಚೇರಿಗಳು, ಲಾಡ್ಜುಗಳು ಬರುತ್ತ ಹೋದಂತೆ ಅದು ದುಡಿಯುವ ಊರಾಗಬಹುದು. ಐದು ಪ್ರದೇಶಗಳಲ್ಲಿ ಹಾಗೆ ಬದಲಾಗುವ ಕಾರಣ ಕಣ್ಣಿಗೆ ಕಾಣುವಂತೆ ನಿಂತಿರುವುದು ಇಲ್ಲೊಂದೇ ಕಡೆ. ಹೋಟೆಲು ಹಾಕುವವರು ಮೂರು ವರ್ಷ ಬಾಡಿಗೆ ಕೈಯಿಂದ ಕಟ್ಟುವ ತಾಕತ್ತಿದ್ದರೆ ಮಾತ್ರ ಈಗ ಹೋಗಲಿ. ಸಾಲದ ದುಡ್ಡಿನಲ್ಲಿ ಹೋಗುವವರು ಕಾಯುವುದು ಮೇಲು.

ಸೇತುವೆಯ ಖರ್ಚನ್ನೂ ಮರೆಯಬೇಡಿ. ಕಾರಿಗೆ ಒಂದು ಬದಿಗೆ 250 ರೂಪಾಯಿ, ಹೋಗಿಬರಲು 375. ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ 9,375 ರೂಪಾಯಿ, ಪೆಟ್ರೋಲ್ ಬೇರೆ. ಅದೇ ದುಡ್ಡು ಗೃಹಸಾಲದ ಕಂತಿಗೆ ಸೇರಿಸಿದರೆ ಇನ್ನೂ ಹತ್ತಿರದಲ್ಲಿ ಮನೆ ಬಂದೀತು. ದ್ವಿಚಕ್ರ ವಾಹನಕ್ಕೆ ಸೇತುವೆಯ ಮೇಲೆ ಪ್ರವೇಶವೇ ಇಲ್ಲ. ಉರಣ್ ಲೈನಿನ ಲೋಕಲ್ ಸೆಂಟ್ರಲ್ ಲೈನಿನ ಹಾಗೆ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುವಂಥದ್ದಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಜನ ಕಡಿಮೆ ಮಾತಾಡುವ ಭಾಗದ ಮೇಲೆ: ಐರೋಲಿ, ಘಣಸೋಲಿ, ಕೋಪರ್‌ಖೈರಾಣೆ. ಅಪ್ಪ ಕ್ಯಾಂಟೀನ್ ಹಿಡಿದಾಗ ಆ ಪಟ್ಟಿಯಲ್ಲಿ ಇದ್ದದ್ದು ಬರೀ ರಾಸಾಯನಿಕ, ಬಣ್ಣ, ಎಂಜಿನಿಯರಿಂಗ್ ಕಾರ್ಖಾನೆಗಳು. ಅವುಗಳಲ್ಲಿ ಎಷ್ಟೋ ಮುಚ್ಚಿದವು. ಆದರೆ ಅದೇ ನೆಲದ ಮೇಲೆ ಐಟಿ ಪಾರ್ಕುಗಳು ಬಂದವು, ಈಗ ಡೇಟಾ ಸೆಂಟರುಗಳು. ತುರ್ಭೆಯಲ್ಲಿ ಸಗಟು ಮಾರುಕಟ್ಟೆ ಇದೆ, ಮುಂಬಯಿಯ ತರಕಾರಿ, ಹಣ್ಣು, ದವಸದ ವ್ಯಾಪಾರ ಅಲ್ಲಿಗೇ ಬಂದು ನೆಲೆ ನಿಂತಿದೆ. ಒಂದು ಕಾಲು ಮುರಿದಾಗ ಇನ್ನೊಂದು ಕಾಲು ಮೂಡಿದ ಪ್ರದೇಶ ಇದು. ಲಾಲ್‌ಬಾಗ್-ಪರೇಲಿನ ಗಿರಣಗಾಂವಿನಲ್ಲಿ ಆಗದ್ದು ಇಲ್ಲಿ ಆಯಿತು. ಮನೆಯ ಬೆಲೆ ಉಲ್ವೆಗಿಂತ ಹೆಚ್ಚು, ಫ್ಲ್ಯಾಟು ಹಳೆಯದು, ಲಿಫ್ಟಿಲ್ಲದ ನಾಲ್ಕನೆಯ ಮಾಳಿಗೆ ಸಿಕ್ಕಬಹುದು. ಆದರೂ ಐರೋಲಿ ಮತ್ತು ಬಿಕೆಸಿ ಎರಡೂ ಕಡೆ ದುಡಿಯುವ ಗಂಡ-ಹೆಂಡತಿಗೆ ನಾನು ಕೊಡುವ ಉತ್ತರ ಇದೇ.

ಪನ್ವೆಲ್ ಬೇರೆಯದೇ ಬಗೆಯ ಊರು. ಹಳೆಯ ಪೇಟೆ, ಗೋವಾ ಹೆದ್ದಾರಿಯ ಬಾಯಿ, ಪುಣೆ ಎಕ್ಸ್‌ಪ್ರೆಸ್‌ವೇಯ ಬಾಯಿ, ಕೊಂಕಣ ರೈಲು ನಿಲ್ಲುವ ಜಾಗ. ಮಂಗಳೂರಿನ ಮತ್ಸ್ಯಗಂಧ ರೈಲು ಹತ್ತಲು ಕುರ್ಲಾಕ್ಕೆ ಗಂಟು ಹೊತ್ತು ಹೋಗಬೇಕಾಗಿಲ್ಲ. ನಿವೃತ್ತಿಗೆ ಹತ್ತಿರ ಇರುವವರು, ಮಕ್ಕಳು ಮುಂಬಯಿಯಲ್ಲಿ, ತಾವು ಅರ್ಧ ವರ್ಷ ಊರಿನಲ್ಲಿ ಎಂದು ಯೋಚಿಸುವವರು ಇಲ್ಲಿ ನೋಡಲಿ.

ಕಾಗದದ ವಿಷಯ ಇಲ್ಲಿ ಜಾಗ್ರತೆ. ಸಿಡ್ಕೊ ಜಮೀನು ಸಾಮಾನ್ಯವಾಗಿ ಗುತ್ತಿಗೆಯದ್ದು, ಮಾರುವಾಗ ಸಿಡ್ಕೊ ಒಪ್ಪಿಗೆ, ಶುಲ್ಕ ಎಲ್ಲ ಇರುತ್ತದೆ. "ಸಾಡೆ ಬಾರಾ ಟಕ್ಕೆ" ಎಂದು ದಲ್ಲಾಳಿ ಹೇಳಿದರೆ ಅದು ಭೂಮಿ ಕಳಕೊಂಡ ರೈತರಿಗೆ, ಹೋದ ಭೂಮಿಯ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನೆಲವಾಗಿ ಮರಳಿ ಕೊಡುವ ಯೋಜನೆಯ ಪ್ಲಾಟು. ಆ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ಮುಂದಾಳತ್ವದ ಹೋರಾಟದಲ್ಲಿ ಐವರು ಗೋಲಿಬಾರಿಗೆ ಬಲಿಯಾದರು. ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಿ ಎಂದು ಅಲ್ಲಿನ ಜನ ಪಟ್ಟು ಹಿಡಿದದ್ದು ಅದಕ್ಕೇ. ಈ ಪ್ಲಾಟಿನಲ್ಲಿ ಕಟ್ಟಿದ ಮನೆ ಒಳ್ಳೆಯದೇ ಇರಬಹುದು, ಆದರೆ ಒಂದು ಕುಟುಂಬದ ಎಲ್ಲ ವಾರಸುದಾರರ ಸಹಿ ಇದೆಯೇ ಎಂದು ವಕೀಲರಿಂದ ನೋಡಿಸಿ. ಇನ್ನು "ಮೂರನೆಯ ಮುಂಬಯಿ" ಎಂದು ಉರಣ್, ಪನ್ವೆಲ್, ಪೇಣ್ ತಾಲೂಕುಗಳ 124 ಹಳ್ಳಿಗಳನ್ನು ಸೇರಿಸಿ ಮುಂಬಯಿ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ ಕೈಗೆ ಕೊಟ್ಟ ಪ್ರದೇಶ ಇದೆ. ಅದು ಸದ್ಯ ನಕ್ಷೆ. ಆ ಹೆಸರು ಹೇಳಿ ಹೊಲದ ತುಂಡು ಮಾರಲು ಬಂದವರಿಂದ ದೂರ ಇರಿ.

ಡೊಂಬಿವಲಿ, ಕಲ್ಯಾಣ್

ನಮ್ಮವರು ಬಹಳ ಹಿಂದೆಯೇ ನೆಲೆ ನಿಂತ ಕಡೆ. ಕನ್ನಡ ಸಂಘ, ಯಕ್ಷಗಾನ, ಅಯ್ಯಪ್ಪ ಪೂಜೆ, ಪಕ್ಕದ ಮನೆಯಲ್ಲಿ ತುಳು, ಅದರಾಚೆ ಹುಬ್ಬಳ್ಳಿ ಕನ್ನಡ. ಮುದುಕಿಯೊಬ್ಬಳು ಮಗನ ಕೆಲಸದ ಹೊತ್ತಿನಲ್ಲಿ ಒಬ್ಬಳೇ ಕೂರಬೇಕಾಗಿಲ್ಲ ಎಂಬುದಕ್ಕೆ ಬೆಲೆ ಕಟ್ಟುವುದು ಕಷ್ಟ. ಅದೇ ದುಡ್ಡಿಗೆ ಥಾಣೆಯಲ್ಲಿ ಒಂದು ಕೋಣೆ ಬಂದರೆ ಇಲ್ಲಿ ಎರಡು ಕೋಣೆ ಬರುತ್ತದೆ. ಪೇಟೆ ಜೀವಂತ ಇದೆ, ಶಾಲೆ ಆಸ್ಪತ್ರೆ ಹತ್ತಿರ.

ಹಾಗಿದ್ದರೂ ಇದು ಮುಂಬಯಿಯ ದುಡಿಮೆಯ ಮೇಲೆ ಬದುಕುವ ಊರು. ದಿನವೂ ಬೆಳಿಗ್ಗೆ ಊರೇ ಖಾಲಿಯಾಗಿ ಲೋಕಲಿಗೆ ಹೋಗುತ್ತದೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಆ ಲೈನಿನಲ್ಲಿ ಹತ್ತು ವರ್ಷ ನಾನೂ ಓಡಾಡಿದ್ದೇನೆ. ದೀವಾದಲ್ಲಿ ಇಳಿಯಬೇಕಾದವರು ಇಳಿಯಲಾಗದೆ ಮುಂದಿನ ಸ್ಟೇಷನ್ನಿಗೆ ಹೋಗಿಬಿಡುವುದು ಆಗಲೇ ನಿತ್ಯದ ಮಾತಾಗಿತ್ತು. ಥಾಣೆ-ಭಿವಂಡಿ-ಕಲ್ಯಾಣ್ ಮೆಟ್ರೊಗೆ 2018ರ ಡಿಸೆಂಬರಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು, 2025 ಮುಗಿಯುವಾಗಲೂ ಅದರಲ್ಲಿ ಪ್ರಯಾಣಿಕರ ರೈಲು ಓಡಿರಲಿಲ್ಲ. ಮನೆ ನೋಡುವಾಗ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಎಷ್ಟು ದೂರ ಎಂದೂ ಕೇಳಿ. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಇನ್ನೊಮ್ಮೆ ಸ್ಫೋಟವಾಗಿ ಜೀವ ಹೋದವು, ದೂರದ ಕಟ್ಟಡಗಳ ಗಾಜೂ ಒಡೆಯಿತು.

ಹೋಟೆಲಿನವರಿಗೆ ನಾನು ಡೊಂಬಿವಲಿಗಿಂತ ಭಿವಂಡಿಯ ಗೋದಾಮುಗಳ ಕಡೆ ನೋಡಿ ಎನ್ನುತ್ತೇನೆ. ನಾಗಪುರದಿಂದ ಬರುವ 701 ಕಿಲೋಮೀಟರಿನ ಸಮೃದ್ಧಿ ಹೆದ್ದಾರಿ 2025ರ ಜೂನ್ 5ರಂದು ಭಿವಂಡಿ ಹತ್ತಿರದ ಆಮಣೆ ತನಕ ಪೂರ್ತಿಯಾಯಿತು. ಹಗಲು ರಾತ್ರಿ ಲಾರಿ, ಹಗಲು ರಾತ್ರಿ ಹಸಿವು. ವಾಸಕ್ಕೆ ಆ ಧೂಳು ಬೇಡ, ವ್ಯಾಪಾರಕ್ಕೆ ಆಗಬಹುದು.

ಥಾಣೆಯ ಬಗ್ಗೆ ಕೇಳುವವರಿಗೆ ಒಂದೇ ಮಾತು: ದುಡ್ಡಿದ್ದರೆ ಒಳ್ಳೆಯದು, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ ತಡೆಯುವ ತಾಳ್ಮೆಯೂ ಇರಬೇಕು.

ವಸಯಿ-ವಿರಾರ್, ಅದರಾಚೆ ಪಾಲ್ಘರ್

ಎಲ್ಲಕ್ಕಿಂತ ಅಗ್ಗ ಇಲ್ಲಿ. ಅದಕ್ಕೇ ಇಲ್ಲಿ ಹೆಚ್ಚು ಮಂದಿ ಕೈಸುಟ್ಟುಕೊಂಡಿದ್ದಾರೆ. ನಾಲಾಸೋಪಾರಾದಲ್ಲಿ ಮೀಸಲು ಜಾಗದ ಮೇಲೆ ಕಟ್ಟಿದ್ದ 41 ಅಕ್ರಮ ಕಟ್ಟಡಗಳನ್ನು ಹೈಕೋರ್ಟಿನ ಆದೇಶದಂತೆ 2025ರ ಆರಂಭದಲ್ಲಿ ಕೆಡವಿದರು. ನನ್ನ ಗೆಳೆಯನೊಬ್ಬ, ಇಪ್ಪತ್ತು ವರ್ಷ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿ ದುಡಿದವನು, ಅಂಥದ್ದೇ ಇನ್ನೊಂದು ಕಟ್ಟಡದಲ್ಲಿ ಮನೆ ತಗೊಂಡಿದ್ದಾನೆ. ವಿದ್ಯುತ್ ಬಿಲ್ ಬರುತ್ತದೆ, ತೆರಿಗೆ ರಶೀದಿ ಬರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಎಂದುಕೊಂಡಿದ್ದ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ಅವನ ಕೈಯಲ್ಲಿ ಓಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂದು ಪಾಲಿಕೆ ಕೊಡುವ ಪತ್ರ, ಇಲ್ಲ. ರಾತ್ರಿ ಜೋರು ಗಾಳಿ ಬೀಸಿದರೆ ಅವನಿಗೆ ನಿದ್ದೆ ಇಲ್ಲ.

ಈ ಭಾಗದಲ್ಲಿ ಮೂರು ಕಾಗದ ಕಣ್ಣಾರೆ ನೋಡದೆ ಟೋಕನ್ ಕೂಡ ಕೊಡಬೇಡಿ: ಜಮೀನಿನ ಸಾತ್‌ಬಾರಾ ಉತಾರೆ (ನಮ್ಮ ಪಹಣಿಯ ಹಾಗೆ), ಅದು ವಾಸಕ್ಕೆ ಪರಿವರ್ತನೆಯಾದ ಎನ್ಎ ಆದೇಶ, ಪಾಲಿಕೆಯ ಓಸಿ. ಹೊಸ ಕಟ್ಟಡವಾದರೆ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ಮಹಾರೇರಾದ ನೋಂದಣಿಯ ಸಂಖ್ಯೆ ಹಾಕಿ ಆನ್‌ಲೈನಿನಲ್ಲಿ ನೀವೇ ನೋಡಬಹುದು. ಆ ವ್ಯವಸ್ಥೆ 2017ರಿಂದ ಇದೆ. ನೀರು ಪಾಲಿಕೆಯದ್ದೋ ಟ್ಯಾಂಕರಿನದ್ದೋ ಎಂದು ಸೊಸೈಟಿಯ ಕಾವಲುಗಾರನನ್ನು ಕೇಳಿ, ಅವನು ಸುಳ್ಳು ಹೇಳುವುದಿಲ್ಲ.

ದುಡಿಮೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ವಸಯಿ ಪೂರ್ವದ ವಾಲಿವ್, ಸಾತಿವಲಿಯ ಗಾಲಾಗಳಲ್ಲಿ (ಸಾಲು ಶೆಡ್ಡುಗಳಲ್ಲಿ) ಸಾವಿರಾರು ಸಣ್ಣ ಉದ್ಯಮಗಳಿವೆ, ಬೊಯಿಸರಿನಲ್ಲಿ ತಾರಾಪುರದ ಎಂಐಡಿಸಿ ಇದೆ. ಗಾಲಾಗಳ ನಡುವೆ ಒಂದು ಪುಟ್ಟ ಊಟದ ಮನೆ ಹಾಕಿದವರ ಲೆಕ್ಕ ನಾನೇ ಬರೆಯುತ್ತೇನೆ. ಶನಿವಾರದ ಸಂಬಳದ ದಿನ ಉದ್ರಿ ತೀರುತ್ತದೆ, ಗಲ್ಲ ಸಣ್ಣದು ಆದರೆ ಸ್ಥಿರ. ಇನ್ನೂ ಮೇಲೆ, ಡಹಾಣು ಹತ್ತಿರ ವಾಢವಣ್ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆ ಆಯಿತು, ಸುಮಾರು 76,000 ಕೋಟಿ ರೂಪಾಯಿಯ ಯೋಜನೆ. ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಸಮುದ್ರವೇ ಹೊಲವಾದವರ ಆ ಮಾತಿನಲ್ಲಿ ನ್ಯಾಯ ಇದೆ ಎಂದು ಕರಾವಳಿಯಿಂದ ಬಂದ ನನಗೆ ಅನಿಸುತ್ತದೆ. ಬುಲೆಟ್ ರೈಲಿಗೂ ವಿರಾರ್, ಬೊಯಿಸರ್ ನಿಲ್ದಾಣಗಳಿವೆ. ಇವೆಲ್ಲ ಮುಗಿದ ಮೇಲೆ ಪಾಲ್ಘರಿನ ಚಹರೆ ಬೇರೆಯಾಗಬಹುದು. ಅದನ್ನು ನಂಬಿ ಇವತ್ತು ಸಾಲ ಮಾಡಬೇಡಿ.

ನಮ್ಮ ಊರಿನ ದಾರಿಗೆ ಇದು ತೀರಾ ವಿರುದ್ಧ ದಿಕ್ಕು. ಮತ್ಸ್ಯಗಂಧ ಹಿಡಿಯಲು ಹೊರಟರೆ ಅರ್ಧ ದಿನ ಅಲ್ಲಿಗೇ ಹೋಗುತ್ತದೆ.

ಪುಣೆ: ಕಬ್ಬಿಣ ಗೊತ್ತಿದ್ದವರ ಊರು

ಹಗಲಿನ ದುಡಿಮೆಯನ್ನೇ ಅಳತೆ ಮಾಡಿದರೆ ಪುಣೆಗೆ ಮೊದಲ ಅಂಕ. ಇದು ಮುಂಬಯಿಯ ಹೊರವಲಯ ಅಲ್ಲ, ತನ್ನದೇ ಎಂಜಿನಿನ ಮೇಲೆ ಓಡುವ ಊರು. 1950ರ ದಶಕದಲ್ಲಿ ಪಿಂಪ್ರಿಗೆ ಹಿಂದೂಸ್ತಾನ್ ಆಂಟಿಬಯೊಟಿಕ್ಸ್ ಬಂತು, ಆಮೇಲೆ ಟೆಲ್ಕೊ (ಈಗಿನ ಟಾಟಾ ಮೋಟರ್ಸ್), ಬಜಾಜ್. ಈಚೆಗೆ ಚಾಕಣ್ ಪಟ್ಟಿಯಲ್ಲಿ ಮಹೀಂದ್ರಾ, ಫೋಕ್ಸ್‌ವಾಗನ್, ಮರ್ಸಿಡಿಸ್. ಹಿಂಜೆವಾಡಿಯಲ್ಲಿ ಐಟಿ. ಜೊತೆಗೆ ಕಾಲೇಜುಗಳು, ಸೈನ್ಯದ ನೆಲೆಗಳು. ನಾಲ್ಕೈದು ಕಾಲಿನ ಮೇಲೆ ನಿಂತದ್ದು.

ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಪುಣೆಯ ಕಾರ್ಖಾನೆಗಳಿಗೆ ಬೇಕಾದ ಎರಕದ ಭಾಗಗಳು ಕೊಲ್ಹಾಪುರ, ಬೆಳಗಾವಿಯ ಫೌಂಡ್ರಿಗಳಿಂದ ಬರುತ್ತವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದು ಇದೇ ದಾರಿಯ ಮೇಲೆ. ಹೆದ್ದಾರಿ 48 ಪುಣೆಯಿಂದ ಬೆಳಗಾವಿ, ಧಾರವಾಡದ ತನಕ ಒಂದೇ ಉದ್ದದ ವರ್ಕ್‌ಶಾಪ್ ಇದ್ದ ಹಾಗೆ. ರಾಜ್ಯದ ಗಡಿ ನಡುವೆ ಹಾದುಹೋಗಿದೆ, ವ್ಯಾಪಾರಕ್ಕೆ ಅದರ ಹಂಗಿಲ್ಲ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡೆಯವರಿಗೆ ಊರಿನ ದಾರಿಯೂ ಹತ್ತಿರ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿಗೆ ವಂದೇ ಭಾರತ್ ಕೂಡ ಇದೆ. ಕರಾವಳಿಯವರಿಗೆ ಮಾತ್ರ ಮುಂಬಯಿಯಷ್ಟು ಅನುಕೂಲ ಇಲ್ಲ.

ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಬಲ್ಲ ಹುಡುಗರಿಗೆ, ಐಟಿಐ ಮುಗಿಸಿದವರಿಗೆ, ಮೂವತ್ತು ನಲವತ್ತು ಲಕ್ಷ ಹಾಕಿ ಜಾಬ್ ವರ್ಕ್ ಶೆಡ್ ತೆರೆಯುವವರಿಗೆ ಭೋಸರಿ-ಚಾಕಣ್ ಬಿಟ್ಟು ಬೇರೆ ಕಡೆ ನೋಡುವ ಕಾರಣವೇ ಇಲ್ಲ. ಒಂದು ಎಚ್ಚರಿಕೆ: ಒಂದೇ ದೊಡ್ಡ ಕಂಪನಿಯ ಒಂದೇ ಭಾಗ ಮಾಡುತ್ತ ಕೂತರೆ ಅದು ಗಿರಣಿ ಗೇಟಿನ ಹೋಟೆಲಿದ್ದ ಹಾಗೆ. ಎಂಜಿನ್ ಇರುವ ಗಾಡಿ ಹೋಗಿ ಬ್ಯಾಟರಿ ಗಾಡಿ ಬರುತ್ತಿರುವ ಕಾಲ ಇದು. ಸೈಲೆನ್ಸರ್ ಭಾಗ ಮಾಡುವವನು ನಾಳೆ ಏನು ಮಾಡುತ್ತಾನೆ ಎಂದು ಇವತ್ತೇ ಕೇಳಿಕೊಳ್ಳಬೇಕು.

ಮನೆ ಎಲ್ಲಿ ಎಂಬುದು ಪುಣೆಯಲ್ಲಿ ಕಠಿಣ ಪ್ರಶ್ನೆ. ಮುಂಬಯಿಯಂತೆ ಇಡೀ ಊರನ್ನು ಹೊತ್ತು ತಿರುಗುವ ಲೋಕಲ್ ಇಲ್ಲ. ಮೆಟ್ರೊ 2022ರ ಮಾರ್ಚಿನಲ್ಲಿ ಶುರುವಾಗಿ ಪಿಂಪ್ರಿಯಿಂದ ಸ್ವಾರ್‌ಗೇಟ್ ತನಕ ಬಂದಿದೆ. ಹಿಂಜೆವಾಡಿಯ ಮಾರ್ಗಕ್ಕೆ ಕಲ್ಯಾಣ್ ಮೆಟ್ರೊ ಜೊತೆ ಒಂದೇ ದಿನ ಶಂಕುಸ್ಥಾಪನೆ ಆಯಿತು, ಎರಡೂ ಒಂದೇ ರೀತಿ ತಡವಾದವು. ಹಾಗಾಗಿ ಇಲ್ಲಿ ಕೆಲಸದ ಜಾಗದಿಂದ ಐದಾರು ಕಿಲೋಮೀಟರಿನೊಳಗೆ ಮನೆ ಮಾಡಿ, ಬಾಡಿಗೆಯಾದರೂ ಸರಿ. ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಹೊಸ ಕಟ್ಟಡಗಳೆಲ್ಲ ಆ ಅಂಚಿನಲ್ಲೇ. ಅಲ್ಲಿ ಪಾಲಿಕೆಯ ತೆರಿಗೆ ಬಂದಷ್ಟು ಬೇಗ ಪಾಲಿಕೆಯ ನೀರು ಬರಲಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಕೂಗಳತೆಯಲ್ಲಿದ್ದೂ ಟ್ಯಾಂಕರಿಗೆ ಕಾಯುವ ಸೊಸೈಟಿಗಳಿವೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಗೀಯಾನ್-ಬಾರೆ ಎಂಬ ನರಗಳ ಕಾಯಿಲೆ ಹರಡಿದಾಗ ಜನ ಮೊದಲು ನೋಡಿದ್ದು ಬಾವಿಯ ನೀರಿನ ಕಡೆಗೆ. ಹಿಂಜೆವಾಡಿಯ ಐಟಿ ಮಕ್ಕಳ ತಂದೆತಾಯಿ ಮನೆ ನೋಡಲು ಹೋದಾಗ ಕ್ಲಬ್‌ಹೌಸ್ ನೋಡಿ ಬರುತ್ತಾರೆ. ನೆಲಮಾಳಿಗೆಗೆ ಇಳಿದು ನೀರಿನ ತೊಟ್ಟಿ ನೋಡಿ, ಕಳೆದ ಏಪ್ರಿಲ್-ಮೇ ತಿಂಗಳ ಟ್ಯಾಂಕರ್ ಬಿಲ್ ಕೇಳಿ.

ಹೋಟೆಲಿನವರಿಗೆ? ಪುಣೆಯ ಗಲ್ಲ ಚೆನ್ನಾಗಿದೆ, ಪೈಪೋಟಿಯೂ ಅಷ್ಟೇ ಇದೆ. ಪೇಟೆಯೊಳಗೆ ಡಿಪಾಜಿಟ್ ಕೊಟ್ಟು ಕೂರುವುದಕ್ಕಿಂತ ಚಾಕಣ್, ರಾಂಜಣಗಾಂವ್ ಕಡೆಯ ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ನಮ್ಮವರ ಕೈಹಿಡಿದದ್ದು ಹೆಚ್ಚು.

ಗೋವಾ

ಹೃದಯ ಹೇಳುವುದು ಗೋವಾ. ಊರು ಹತ್ತಿರ, ಮಳೆ ನಮ್ಮದೇ, ಮೀನು ನಮ್ಮದೇ, ಮಡಗಾಂವಿನಿಂದ ಕಾರವಾರ ಒಂದೂವರೆ ಗಂಟೆ. 2023ರ ಜನವರಿಯಿಂದ ಉತ್ತರದಲ್ಲಿ ಮೋಪಾ ವಿಮಾನ ನಿಲ್ದಾಣವೂ ನಡೆಯುತ್ತಿದೆ. ಆದ್ದರಿಂದಲೇ ಇಲ್ಲಿ ಲೆಕ್ಕವನ್ನು ಎರಡು ಸಲ ಮಾಡಬೇಕು.

ಗೋವೆಯ ಗಲ್ಲಕ್ಕೆ ವರ್ಷ ಎಂದರೆ ಏಳು ತಿಂಗಳು. ಮಳೆಗಾಲದಲ್ಲಿ ಬಾಡಿಗೆ, ಸಂಬಳ, ಕರೆಂಟು ಎಲ್ಲ ಕೈಯಿಂದ. ಪ್ರವಾಸೋದ್ಯಮ ಒಂದು ಕಾಲು. ಇನ್ನೊಂದು ಕಾಲಾಗಿದ್ದ ಗಣಿಗಾರಿಕೆ 2012ರಲ್ಲಿ ನಿಂತಿತು, ಮಿತಿ ಹಾಕಿ ಮತ್ತೆ ಬಿಟ್ಟರು, 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿತು. ಆ ವರ್ಷ ಕುಡ್ಚಡೆ ಕಡೆ ಹೋದಾಗ ರಸ್ತೆ ಪಕ್ಕದಲ್ಲಿ ಅದಿರಿನ ಟಿಪ್ಪರುಗಳು ಸಾಲಾಗಿ ನಿಂತಿದ್ದವು, ಚಕ್ರದ ಸುತ್ತ ಹುಲ್ಲು ಬೆಳೆದಿತ್ತು. ಅಲ್ಲೊಂದು ಚಾದಂಗಡಿಯ ಗೋಡೆಗೆ ತೂಗಿಹಾಕಿದ್ದ ಉದ್ರಿ ಪುಸ್ತಕ ಕಂಡು ಅಪ್ಪನ ನೆನಪಾಯಿತು. ವರ್ಷವಿಡೀ ದುಡಿಮೆ ಬೇಕಾದರೆ ವೆರ್ಣಾದ ಔಷಧ ಕಾರ್ಖಾನೆಗಳ ಕಡೆ, ವಾಸ್ಕೋ ಕಡೆ ನೋಡಿ, ಕಡಲತೀರದ ಕಡೆಗಲ್ಲ.

ಜಮೀನಿನ ಕಾಗದ ಇಲ್ಲಿ ನಮಗೆ ಪರಿಚಯವಿಲ್ಲದ ಬಗೆಯದ್ದು. ಪೋರ್ಚುಗೀಸರ ಕಾಲದ ಸಿವಿಲ್ ಕಾಯಿದೆ ಇನ್ನೂ ನಡೆಯುವುದರಿಂದ ಮದುವೆಯಾದವರ ಆಸ್ತಿಯಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಸಾಮಾನ್ಯವಾಗಿ ಸಮಪಾಲು, ಮಾರುವಾಗ ಇಬ್ಬರ ಸಹಿಯೂ ಬೇಕು. ಕೊಮುನಿದಾದ್ ಜಮೀನು ಊರಿನ ಸಮುದಾಯದ್ದು, ಅದರ ಮೇಲೆ ಕಟ್ಟಿದ ಮನೆ ಕೊಂಡರೆ ತೊಂದರೆ. ಗೋವೆಯ ವಕೀಲರಿಗೇ ತೋರಿಸಿ, ಮುಂಬಯಿಯ ವಕೀಲರಿಗಲ್ಲ.

ಇನ್ನೊಂದು ಮಾತು ಹೇಳದೆ ಹೋಗಲಾರೆ. ಗೋವೆಯ ರಸ್ತೆ, ಕಟ್ಟಡ, ಬಂದರು ಕಟ್ಟಿದವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯವರು ಬಹಳ. 2004ರಲ್ಲಿ ವಾಸ್ಕೋದ ಬಾಯ್ಣಾ ತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿಯೂ ಅವರೇ ಹೆಚ್ಚು. ದುಡಿಮೆಗೆ ಹೋಗುವ ನಮ್ಮ ಹುಡುಗರು ಅಗ್ಗಕ್ಕೆ ಸಿಕ್ಕಿತೆಂದು ಸರಕಾರಿ ಜಾಗದ ಖೋಲಿ ಕೊಳ್ಳದಿರಲಿ; ಬಾಡಿಗೆ ಕರಾರು ಮಾಡಿಸಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಲಿ.

ಯಾರಿಗೆ ಯಾವುದು

ಪರೇಲಿನ ಖೋಲಿ ಮಾರಿದ ಅಕ್ಕನಿಗೆ ನಾನು ಹೇಳಿದ್ದು: ಒಬ್ಬನೇ ಮಗ ಥಾಣೆಯಲ್ಲಿ ದುಡಿಯುತ್ತಾನೆ, ನಿಮಗೆ ಜನ ಬೇಕು, ಡೊಂಬಿವಲಿಗೆ ಹೋಗಿ, ಎಂಐಡಿಸಿಯ ವಿರುದ್ಧ ಬದಿ, ಸ್ಟೇಷನ್ನಿಗೆ ನಡೆಯುವ ದೂರದಲ್ಲಿ. ಮನೆ ನಿಮ್ಮ ಹೆಸರಿನಲ್ಲೇ ಮಾಡಿಸಿ. ಮಹಿಳೆಯ ಹೆಸರಿಗಾದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡ 1 ರಿಯಾಯಿತಿ ಇದೆ. ಫೋರ್ಟಿನ ಹೋಟೆಲಿನವರ ಕೈಯಲ್ಲಿ ಸ್ವಂತ ದುಡ್ಡು ಅರ್ಧ, ಸಾಲ ಅರ್ಧ. ಉಲ್ವೆ ಎಂದು ಹಟ ಹಿಡಿದಿದ್ದರು. ಘಣಸೋಲಿಯ ಐಟಿ ಕಚೇರಿಗಳ ಹಿಂದಿನ ಗಲ್ಲಿಯಲ್ಲಿ ಸಣ್ಣ ಜಾಗ ಕಂಡಕ್ಟಿಂಗ್‌ಗೆ ಹಿಡಿಯಿರಿ, ಉಲ್ವೆಯಲ್ಲಿ ಬೇಕಾದರೆ ಮೂರು ವರ್ಷದ ಮೇಲೆ ಎರಡನೆಯದು ಹಾಕಿ ಎಂದೆ. ಕೈಯಲ್ಲಿರುವುದು ತೀರಾ ಕಡಿಮೆ, ವಿರಾರ್ ಬಿಟ್ಟು ಬೇರೆ ಎಟುಕುವುದಿಲ್ಲ ಎನ್ನುವವರು ಓಸಿ ಇರುವ ಹಳೆಯ ಕಟ್ಟಡದ ಸಣ್ಣ ಮನೆ ನೋಡಲಿ, ಇಲ್ಲದಿದ್ದರೆ ಇನ್ನೂ ಎರಡು ವರ್ಷ ಬಾಡಿಗೆಗಿರಲಿ.

ಯಾವುದನ್ನೇ ಆರಿಸಿದರೂ ಮುಂಗಡ ಕೊಡುವ ಮುಂಚೆ ಎರಡು ಸಲ ಹೋಗಿಬನ್ನಿ. ಒಮ್ಮೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅಲ್ಲಿನ ಹೋಟೆಲಿನಲ್ಲಿ ಚಾ ಕುಡಿದು ಮಧ್ಯಾಹ್ನದ ಊಟದ ತನಕ ಕೂತು ಜನ ಎಣಿಸಿ. ಇನ್ನೊಮ್ಮೆ ಜುಲೈಯಲ್ಲಿ, ರಾತ್ರಿಯೆಲ್ಲ ಮಳೆ ಸುರಿದ ಮಾರನೆಯ ದಿನ, ಕೆಲಸದ ಜಾಗದಿಂದ ಆ ಮನೆಯ ಬಾಗಿಲಿನ ತನಕ ಲೋಕಲ್, ಬಸ್ಸು, ರಿಕ್ಷಾ ಹಿಡಿದು, ಗಡಿಯಾರ ನೋಡುತ್ತ.